ಜವಾರಿ ಧ್ವನಿ

ನಾನು ಒಂದು ಗಿಟಾರು. ಅದರಲ್ಲೂ ವಿದ್ಯುತ್ತಿನ ಗಿಟಾರು. ನನ್ನ ಮೈ ಟೊಳ್ಳಲ್ಲ, ಗಟ್ಟಿ ಹಲಗೆ. ವಯರು ಜೋಡಿಸದೆ ನುಡಿಸಿದರೆ ಒಂದು ಕೋಣೆಯೊಳಗಿನವರಿಗೆ ಮಾತ್ರ ಕೇಳುವಷ್ಟು ಸಣ್ಣ ಧ್ವನಿ. ಜೋಡಿಸಿದರೆ ಒಂದು ಬಯಲಿಗೆ ಸಾಕಾಗುವಷ್ಟು ದೊಡ್ಡದು. ದೇವರು ಒಂದೇ ಮೈಗೆ ಎರಡು ಧ್ವನಿ ಕೊಟ್ಟನೆಂದು ಬಹಳ ಕಾಲ ಹೆಮ್ಮೆಪಟ್ಟೆ. ಅದರಿಂದಲೇ ಒಂದು ಮನೆಗೆ ದುಃಖವಾಗುವುದೆಂದು ತಿಳಿದಿರಲಿಲ್ಲ.

ಕಲ್ಕತ್ತೆಯ ಒಂದು ಇಕ್ಕಟ್ಟಾದ ಓಣಿಯಲ್ಲಿ ನಾನು ಹುಟ್ಟಿದೆ. ಒಬ್ಬ ಮುದುಕ ನನ್ನ ಮೈ ಕೊಯ್ದ, ಅವನ ತಮ್ಮ ಕತ್ತು ಕೆತ್ತಿದ. ಧ್ವನಿ ಹಿಡಿಯುವ ಸುರುಳಿಯನ್ನು ಆ ಮನೆಯ ಸೊಸೆ ಸುತ್ತಿದಳು. ಕೂದಲಿಗಿಂತ ಸಣ್ಣದಾದ ತಾಮ್ರದ ಎಳೆಯನ್ನು ಅಯಸ್ಕಾಂತದ ಸುತ್ತ ಸಾವಿರಾರು ಸಲ ಸುತ್ತಬೇಕು. ಬಾಯಲ್ಲಿ ಎಣಿಕೆ ತಪ್ಪಬಾರದು. ನಡುವೆ ಅವಳ ಕೂಸು ಅತ್ತಿತು. ಎದ್ದು ಹೋಗಿ ಹಾಲುಣಿಸಿ ಬಂದವಳು ಎಣಿಕೆ ಮರೆತಿದ್ದಳು. ಬೇಸರಿಸದೆ ಎಲ್ಲವನ್ನೂ ಬಿಚ್ಚಿ ಮೊದಲಿನಿಂದ ಸುತ್ತಿದಳು.

ಅಲ್ಲಿಂದ ರೈಲಿನಲ್ಲಿ ಹುಬ್ಬಳ್ಳಿಗೆ ಬಂದೆ. ಪವಾರ ಎಂಬ ಆರ್ಕೆಸ್ಟ್ರಾದವನು ನನ್ನನ್ನು ಕೊಂಡ. ಗಣಪತಿಯ ಪೆಂಡಾಲುಗಳಲ್ಲಿ, ಮದುವೆಯ ಆರತಕ್ಷತೆಗಳಲ್ಲಿ ಏಳು ವರ್ಷ ಅವನ ಕೊರಳಿಗೆ ಜೋತುಬಿದ್ದು ನುಡಿದೆ. ಆಮೇಲೆ ಕೀಬೋರ್ಡು ಬಂತು. “ಅದರಾಗ ಒಂದು ಗುಂಡಿ ಒತ್ತಿದ್ರ ನೀನೂ ಬರ್ತಿ, ತಬಲಾನೂ ಬರ್ತೈತಿ. ಇನ್ನ ನಿನ್ನ ಹೊತ್ತು ತಿರಗೂದು ಯಾಕ?” ಎಂದು ನನಗೇ ಹೇಳಿ ಹಳೆಯ ಸಾಮಾನಿನ ಅಂಗಡಿಗೆ ಕೊಟ್ಟುಬಿಟ್ಟ. ಅಂಗಡಿಯವನು ನನ್ನ ಕತ್ತಿನ ಮೇಲಿನ ಸವೆದ ಮೆಟ್ಟುಗಳನ್ನು ಕಿತ್ತು ಹೊಸವನ್ನು ಹೊಡೆಸಿದ. ಮೆಟ್ಟು ಎಂದರೆ ಕತ್ತಿನ ಮೇಲೆ ಅಡ್ಡಡ್ಡಲಾಗಿ ಕೂಡಿಸಿದ ಲೋಹದ ಸಣ್ಣ ಪಟ್ಟಿ. ಬೆರಳು ಅದರ ಮೇಲೆ ತಂತಿಯನ್ನು ಒತ್ತುತ್ತದೆ. ವರ್ಷಗಟ್ಟಲೆ ಒತ್ತಿದ ಮೇಲೆ ತಂತಿ ಆ ಲೋಹದಲ್ಲಿ ತಗ್ಗು ಮಾಡುತ್ತದೆ. ಪವಾರನ ಏಳು ವರ್ಷದ ತಗ್ಗುಗಳು ಒಂದು ಮುಷ್ಟಿ ಚೂರಾಗಿ ಕಸಕ್ಕೆ ಹೋದವು. ಅಂದು ನನಗೆ ಏನೂ ಅನಿಸಲಿಲ್ಲ.

ಆ ಅಂಗಡಿಯಿಂದ ನನ್ನನ್ನು ತಂದವನು ಗದಗ-ಬೆಟಗೇರಿಯ ಎಲೀಶ. ಸುಟ್ಟ ಮೋಟರುಗಳಿಗೆ ಹೊಸ ತಾಮ್ರ ಸುತ್ತುವ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಇಪ್ಪತ್ತು ವರ್ಷದವನು. ತಂದೆ ಜೀವರತ್ನಪ್ಪನವರು ಗದಗಿನ ಒಂದು ಮುದ್ರಣಾಲಯದಲ್ಲಿ ನಲವತ್ತು ವರ್ಷ ಅಚ್ಚಿನ ಮೊಳೆ ಜೋಡಿಸಿ ನಿವೃತ್ತರಾಗಿದ್ದರು. ತಾವು ಜೋಡಿಸಿದ ಪುಟದಲ್ಲಿ ಒಂದು ಕೊಂಬು, ಒಂದು ಒತ್ತು ತಪ್ಪಿದ್ದಿಲ್ಲ ಎಂಬುದು ಅವರ ಹೆಮ್ಮೆ. ಊರಿನವರಿಗೆ ಅವರು ಮಾಸ್ತರು, ಕ್ರೈಸ್ತ ಸಭೆಯಲ್ಲಿ ಹಿರಿಯರು. ಅವರ ಮಾತನ್ನು ಪಾದ್ರಿ ಅಯ್ಯನವರೂ ಮೀರುತ್ತಿರಲಿಲ್ಲ. ತಾಯಿ ಮಾರ್ಥವ್ವ. ಎಲೀಶ ಅವರಿಗೆ ಒಬ್ಬನೇ ಮಗ.

ನಾನು ಬಂದ ವರ್ಷವೇ ಮಾತು ಹುಟ್ಟಿತು.

“ಅಪ್ಪಾ, ಈ ಸಲ ಕ್ರಿಸ್‌ಮಸ್ಸಿಗೆ ಸಂಜಿ ಕೀರ್ತನಿ ಇದರ ಮ್ಯಾಲೆ ನುಡಸ್ತೀನಿ” ಎಂದ ಎಲೀಶ.

“ಕರೆಂಟ್ ಹಚ್ಚಿದ ವಾದ್ಯ ದೇವರ ಮನಿಯೊಳಗ ಬ್ಯಾಡ.”

“ಫ್ಯಾನೂ ಕರೆಂಟಿನ ಮ್ಯಾಲೇ ತಿರಗತೈತಲ್ಲಪಾ.”

“ಫ್ಯಾನು ಹಾಡಂಗಿಲ್ಲ” ಎಂದರು ಜೀವರತ್ನಪ್ಪನವರು. ಮಾತು ಅಲ್ಲಿಗೆ ಮುಗಿಯಿತು.

ಎಲೀಶ ಹಟ ಹಿಡಿಯಲಿಲ್ಲ. ವಯರನ್ನು ಸುತ್ತಿ ಟ್ರಂಕಿನಲ್ಲಿಟ್ಟ. ಅಂದಿನಿಂದ ನಾನು ನನ್ನ ಸಣ್ಣ ಧ್ವನಿಯಲ್ಲಿ, ಅಡಿಗೆಮನೆಯಲ್ಲಿ, ಮಾರ್ಥವ್ವನವರ ಮುಂದೆ ಮಾತ್ರ ನುಡಿದೆ. ಕೆಲಸದಿಂದ ಬಂದವನು ಕೈಕಾಲು ತೊಳೆದು ಮಣೆಯ ಮೇಲೆ ಕೂರುತ್ತಿದ್ದ. ಅವರು ರೊಟ್ಟಿ ಬಡಿಯುತ್ತಿದ್ದರು. ರೊಟ್ಟಿಯ ಬಡಿತ ಜೋರಾದರೆ ನನ್ನ ಧ್ವನಿ ಕೇಳುತ್ತಿರಲಿಲ್ಲ. ಆಗ ಅವರೇ ಕೈ ಹಗುರ ಮಾಡುತ್ತಿದ್ದರು.

“ವಯರ್ ಹಚ್ಚಿದ್ರ ಇದು ಹೈಬ್ರಿಡ್ ನೋಡು ಯವ್ವಾ. ಹಚ್ಚಲಿಲ್ಲಂದ್ರ ಜವಾರಿ. ನಿನ್ನ ಜವಾರಿ ಬದನಿಕಾಯಿ ಹಂಗ. ಸಣ್ಣದು, ಖರೆ ರುಚಿ ಭಾಳ.”

“ಹಂಗಾರ ನನ್ನ ಮುಂದ ಜವಾರಿನ ನುಡಸು. ಹೈಬ್ರಿಡ್ ಹೊಟ್ಟಿ ಉಬ್ಬರಸತೈತಿ.”

ಇಬ್ಬರೂ ನಗುತ್ತಿದ್ದರು. ಹೊರಗಿನ ಕೋಣೆಯಲ್ಲಿ ಜೀವರತ್ನಪ್ಪನವರು ಸತ್ಯವೇದ ಓದುತ್ತಿದ್ದರು. ಗೋಡೆಯಾಚೆಯಿಂದ ಅವರಿಗೆ ಮಾತೆಲ್ಲ ಕೇಳುತ್ತಿರಲಿಲ್ಲ. ‘ಜವಾರಿ’ ಎಂಬ ಒಂದು ಶಬ್ದ, ಅದರ ಹಿಂದೆ ನಗು, ಅದರ ಹಿಂದೆ ಸಂಜೆಯ ಕೀರ್ತನೆಯ ಸಣ್ಣ ಧ್ವನಿ. ಇಷ್ಟೇ ಕೇಳಿ ಹಾಳೆ ತಿರುವುತ್ತಿದ್ದರು.

ನನ್ನಲ್ಲಿ ಒಂದು ದೋಷವಿತ್ತು. ತಂತಿಗಳು ಮೆಟ್ಟಿನಿಂದ ಬಹಳ ಎತ್ತರದಲ್ಲಿದ್ದವು. ಎಲೀಶ ಬಲವಾಗಿ ಒತ್ತಬೇಕಾಗುತ್ತಿತ್ತು. “ಇದು ಬೆರಳು ತಿಂತೈತಿ ಯವ್ವಾ, ಒಂದಿನ ತಂಬೂರಿ ಮಾಡೋ ಲಾಡ್ಲೇಸಾಬರ ಕಡೆ ಒಯ್ದು ಇಳಿಸ್ಕೊಂಡು ಬರಬೇಕು” ಎನ್ನುತ್ತಿದ್ದ. ಆರು ವರ್ಷ ಹಾಗೆ ಅಂದ, ಒಯ್ಯಲಿಲ್ಲ. ಆ ಬಲಕ್ಕೆ, ಕೀರ್ತನೆಯ ಸ್ವರಗಳು ನಿಲ್ಲುವ ನಾಲ್ಕು ಮೆಟ್ಟುಗಳ ಮೇಲೆ ನಾಲ್ಕು ತಗ್ಗುಗಳು ಬಿದ್ದವು. ಅಕ್ಕಿಕಾಳಿನಷ್ಟು ಸಣ್ಣವು.

ಇಪ್ಪತ್ತಾರನೆಯ ವಯಸ್ಸಿನಲ್ಲಿ ಎಲೀಶನಿಗೆ ಕಾಮಾಲೆಯಾಯಿತು. ಹನ್ನೊಂದನೆಯ ದಿನ ಮಧ್ಯಾಹ್ನ ಆಸ್ಪತ್ರೆಯಿಂದ ಅವನ ದೇಹವನ್ನು ಮನೆಗೆ ತಂದರು. ನಾನು ಗೋಡೆಗೆ ಒರಗಿದ್ದೆ. ಯಾರೋ ನನ್ನನ್ನು ಎತ್ತಿ ಹಿತ್ತಲಿಗೆ ಸರಿಸಿದರು. ಜನ ಕೂರಲು ಜಾಗ ಬೇಕಾಗಿತ್ತು.

ಆಮೇಲೆ ಜೀವರತ್ನಪ್ಪನವರು ನನ್ನನ್ನು ಹೊರಕೋಣೆಯ ಗೋಡೆಗೆ ತೂಗುಹಾಕಿದರು. ಬೆಳಿಗ್ಗೆ ಅವರು ಹಾಲು ತರಲು ಹೋದಾಗ ಮಾರ್ಥವ್ವ ನನ್ನ ಧೂಳು ಒರೆಸುತ್ತಿದ್ದರು. ಒರೆಸುವುದು ನೆವ. ಬಟ್ಟೆಯನ್ನು ಹೆಗಲ ಮೇಲೆ ಹಾಕಿ, ತೋರುಬೆರಳಿನ ತುದಿಯನ್ನು ಆ ನಾಲ್ಕು ತಗ್ಗುಗಳಲ್ಲಿ ಒಂದೊಂದಾಗಿ ಇಡುತ್ತಿದ್ದರು. ಹಾಲಿನ ಪಾತ್ರೆಯ ಸದ್ದು ಕೇಳಿದೊಡನೆ ಒಳಗೆ ಹೋಗುತ್ತಿದ್ದರು. ಹೆಂಡತಿಯ ಈ ನೇಮ ಗಂಡನಿಗೆ ತಿಳಿಯಲಿಲ್ಲ. ಒಂದೇ ದುಃಖವನ್ನು ಇಬ್ಬರೂ ಒಬ್ಬರಿಂದೊಬ್ಬರು ಮುಚ್ಚಿಟ್ಟುಕೊಂಡಿದ್ದರು.

ಗಂಡನಿಗೂ ಒಂದು ಗುಟ್ಟಿತ್ತು. ಗುರುವಾರ ಮಧ್ಯಾಹ್ನ ಮಾರ್ಥವ್ವ ಸ್ತ್ರೀಯರ ಪ್ರಾರ್ಥನೆಗೆ ಹೋದಾಗ ಅವರು ನನ್ನನ್ನು ಇಳಿಸಿಕೊಂಡು ಮಂಚದ ಮೇಲೆ ಕೂರುತ್ತಿದ್ದರು. ಹಾರ್ಮೋನಿಯಂ ಬಲ್ಲವರು; ಸ್ವರ ಹುಡುಕಿಕೊಂಡು ಸಂಜೆಯ ಕೀರ್ತನೆಯ ಮೊದಲ ಸಾಲು ಹಿಡಿದರು. ಆದರೆ ಅರವತ್ತಾರರ ಬೆರಳುಗಳು ಆ ಎತ್ತರದ ತಂತಿಯನ್ನು ಒತ್ತಲಾರವು. ಸ್ವರ ಅರ್ಧಕ್ಕೆ ಸಾಯುತ್ತಿತ್ತು. ಒಮ್ಮೆ ಬೆರಳ ತುದಿ ಸೀಳಿ ರಕ್ತ ಬಂತು. ಅದನ್ನು ನೋಡುತ್ತ ಮೆಲ್ಲಗೆ ಅಂದರು: “ಕರ್ತನೇ, ಅವಗ ಬ್ಯಾಡಂದಾಂವ ನಾನು. ವರ್ಷದ ಪ್ರಾರ್ಥನಾದಾಗ ಚರ್ಚಿನ್ಯಾಗ ನಾನ ಇದನ್ನ ನುಡಸ್ತೀನಿ. ಒಂದ ಸಲ. ಅಷ್ಟು ಮಾಡಸು.”

ಎಲೀಶ ಹೋಗಿ ವರ್ಷ ತುಂಬಲು ಹದಿನೈದು ದಿನ ಉಳಿದಿತ್ತು. ಮಾರ್ಥವ್ವ ಹುಬ್ಬಳ್ಳಿಯ ತಂಗಿಯ ಮನೆಗೆ ನಾಲ್ಕು ದಿನ ಹೋದರು. ಅದೇ ಸಮಯ ನೋಡಿ ಜೀವರತ್ನಪ್ಪನವರು ನನ್ನನ್ನು ಚಾದರದಲ್ಲಿ ಸುತ್ತಿ ಲಾಡ್ಲೇಸಾಬರ ಅಂಗಡಿಗೆ ಒಯ್ದರು.

ಲಾಡ್ಲೇಸಾಬರು ತಂಬೂರಿ, ಸಿತಾರ ಮಾಡುವ ಮನೆತನದವರು. ಅಂಗಡಿಯ ತುಂಬ ಕುಂಬಳಕಾಯಿಯ ಬುರುಡೆಗಳು ತೂಗಾಡುತ್ತಿದ್ದವು. ಅವರು ನನ್ನನ್ನು ಮೊಣಕಾಲ ಮೇಲೆ ಇಟ್ಟುಕೊಂಡು, ಒಂದು ಕಣ್ಣು ಮುಚ್ಚಿ ಕತ್ತಿನುದ್ದಕ್ಕೂ ನೋಡಿದರು.

“ಏನ್ ಆಗಬೇಕ್ರಿ ಮಾಸ್ತರ ಇದಕ್ಕ?”

“ನನ್ನ ಬೆರಳಿಗೆ ಹಗುರ ಆಗಬೇಕು. ಮತ್ತ ಧ್ವನಿ ಜವಾರಿ ಬರಬೇಕು.”

ಲಾಡ್ಲೇಸಾಬರು ತಲೆಯೆತ್ತಿದರು. “ಜವಾರಿ? ಇದಕ್ಕ?”

“ಹೌದು. ನನ್ನ ಮಗ ಹಂಗ ಅಂತಿದ್ದ. ಜವಾರಿ ಧ್ವನಿ ಅಂತ.”

“ತಿಳದಾಂವ ಇದ್ದ ಬಿಡ್ರಿ ನಿಮ್ಮ ಮಗ” ಎಂದರು ಲಾಡ್ಲೇಸಾಬರು. ಅವರ ಮುಖದಲ್ಲಿ ಗೌರವ ಕಂಡಿತು. ಅಡಿಗೆಮನೆಯ ಜವಾರಿ ನಾಟಿ ತಳಿಯ ಮಾತು; ತಂಬೂರಿಯವರ ಮಾತಿನಲ್ಲಿ ಜವಾರಿ ಎಂದರೆ ಬೇರೆ. ತಂತಿ ಒರಗುವ ಕುದುರೆಯ ನೆತ್ತಿಯನ್ನು ಕೂದಲೆಳೆಯಷ್ಟು ತೇಯ್ದು, ತಂತಿ ಅದನ್ನು ಸವರಿ ಸವರಿ ‘ಝುಂ’ ಎಂದು ಮೊರೆಯುವಂತೆ ಮಾಡುವ ಕುಸುರಿಗೆ ಅವರು ಜವಾರಿ ಎನ್ನುತ್ತಾರೆ. ಇದು ಜೀವರತ್ನಪ್ಪನವರಿಗೆ ಗೊತ್ತಿರಲಿಲ್ಲ. ಬದನೆಕಾಯಿಯ ಮಾತು ಇಬ್ಬರಿಗೂ ಗೊತ್ತಿರಲಿಲ್ಲ. ಅಲ್ಲಿ ಗೊತ್ತಿದ್ದವನು ನಾನೊಬ್ಬನೇ; ಮೀಟದೆ ನನಗೆ ಬಾಯಿಲ್ಲ.

ಕೆಲಸ ಎರಡು ದಿನ ನಡೆಯಿತು. ಜೀವರತ್ನಪ್ಪನವರು ಪಕ್ಕದಲ್ಲೇ ಕುಳಿತರು. ತಂತಿಯ ಎತ್ತರ ಅಳೆಯಲು ಲಾಡ್ಲೇಸಾಬರು ಮಡಿಸಿದ ಕಾಗದ ಹುಡುಕುತ್ತಿದ್ದಾಗ, ಅವರು ಜೇಬಿನಿಂದ ಅಚ್ಚಿನ ಮನೆಯ ಸೀಸದ ಪಟ್ಟಿಗಳನ್ನು ತೆಗೆದರು. ಸಾಲುಗಳ ನಡುವೆ ಜಾಗ ಬಿಡಲು ಇಡುವ, ದಪ್ಪವನ್ನು ಪಾಯಿಂಟಿನಲ್ಲಿ ಅಳೆಯುವ ಪಟ್ಟಿಗಳು ಅವು. ಒಂದರ ಮೇಲೊಂದಿಟ್ಟು ತಂತಿಯ ಕೆಳಗೆ ತೂರಿಸಿದರು.

“ಹನ್ನೆರಡು ಪಾಯಿಂಟ್ ಅದಾವ. ಐದಕ್ಕ ಇಳಸ್ರಿ.”

“ಮಾಸ್ತರ, ಇದು ವಾದ್ಯ ಐತಿ, ಪಂಚಾಂಗ ಅಲ್ಲ” ಎಂದು ಲಾಡ್ಲೇಸಾಬರು ನಕ್ಕರು. “ಆರಕ್ಕ ನಿಂದರಸೂಣು. ಭಾಳ ಇಳಿಸಿದ್ರ ಕರಕರ ಅಂತೈತಿ.”

ಹಳೆಯ ತಂತಿಗಳನ್ನು ಕತ್ತರಿಸಿ ತೆಗೆದರು. ಕತ್ತಿನ ಬಾಗು ತಿದ್ದಿದರು, ಮೇಲಿನ ಎಲುಬಿನ ಪಟ್ಟಿಯ ಕಚ್ಚುಗಳನ್ನು ಆಳ ಮಾಡಿದರು. ಹೊಸ ತಂತಿ ಹಾಕಿ, ಪಕ್ಕದಲ್ಲಿ ತಂಬೂರಿ ಮೀಟಿಕೊಂಡು, ಹನ್ನೆರಡನೆಯ ಮೆಟ್ಟಿನ ಮೇಲೆ ಮೇಲಿನ ಷಡ್ಜ ಸರಿಯಾಗಿ ನಿಲ್ಲುವವರೆಗೆ ಕುದುರೆಯನ್ನು ಹಿಂದೆ ಮುಂದೆ ಸರಿಸಿದರು. ಆದರೂ ನಾಲ್ಕು ಕಡೆ ತಂತಿ ಕರಕರ ಎಂದಿತು. ಲಾಡ್ಲೇಸಾಬರು ಉಗುರಿನಿಂದ ತಡವಿ ನೋಡಿದರು.

“ಇಲ್ಲಿ ತಗ್ಗು ಬಿದ್ದಾವ್ರಿ. ಸಾಫ್ ಮಾಡ್ಲೇನು?”

“ಬೆರಳಿಗೆ ಹಗುರ ಆಗೂದಿದ್ರ ಮಾಡ್ರಿ.”

ಕಾನಸು ಎಂಬ ಲೋಹ ತೇಯುವ ಉಕ್ಕಿನ ಹತಾರ ನನ್ನ ಮೆಟ್ಟುಗಳ ಮೇಲೆ ಹತ್ತು ಸಲ ಹೋಗಿ ಹತ್ತು ಸಲ ಬಂತು. ಲೋಹದ ಪುಡಿ ಬಿತ್ತು. ಲಾಡ್ಲೇಸಾಬರು ಅದನ್ನು ಬಾಯಿಂದ ಊದಿದರು. ಜೀವರತ್ನಪ್ಪನವರು ತಲೆದೂಗಿದರು, ಚೆನ್ನಾಗಿ ಆಯಿತೆಂಬಂತೆ. ಕೊನೆಗೆ ಕುದುರೆಯ ಆರು ತುಂಡುಗಳನ್ನೂ ತೇಯ್ದು ಜವಾರಿ ತಂದರು.

ಆ ಕೆಲಸ ಒಳ್ಳೆಯ ಕೆಲಸವೇ. ಹುಟ್ಟಿದಂದಿನಿಂದ ನಾನು ಅಷ್ಟು ಸುಲಭವಾಗಿ ನುಡಿದಿರಲಿಲ್ಲ. ಬೆರಳು ಇಟ್ಟರೆ ಸಾಕು, ಸ್ವರ ಹೊರಡುತ್ತಿತ್ತು. ಜೀವರತ್ನಪ್ಪನವರು ಕೀರ್ತನೆಯನ್ನು ಮೊದಲ ಸಲ ಕೊನೆಯವರೆಗೆ ನುಡಿಸಿದರು. ತಂತಿಗಳು ಜೇನಿನ ಹಾಗೆ ಮೊರೆದವು. ಅದು ಗೋಡೆಯಾಚೆ ಅವರು ಕೇಳಿದ ಧ್ವನಿಯಲ್ಲ. ಆದರೂ ‘ಹತ್ತಿರದಿಂದ ಕೇಳಿದರೆ ಹೀಗೇ ಇದ್ದಿರಬೇಕು, ನಾನು ಎಂದು ಹತ್ತಿರ ಕೂತಿದ್ದೆ?’ ಎಂದುಕೊಂಡರೆಂದು ಅವರ ಮುಖ ನೋಡಿ ನಾನು ತಿಳಿದೆ.

ಮಾರ್ಥವ್ವ ಮರಳಿದ ದಿನ ಅವರು ಹೆಂಡತಿಯನ್ನು ಕುರ್ಚಿಯ ಮೇಲೆ ಕೂರಿಸಿದರು.

“ಏನ್ರಿ ಇದು ಹೊಸದು? ಇನ್ನೂ ಚಾ ಕುಡದಿಲ್ಲ ನಾ.”

“ಕೂಡು. ಕೇಳು.”

ನುಡಿಸಿದರು. ಮಾರ್ಥವ್ವ ಕೂತು ಕೇಳಿದರು. ಗಂಡನ ಬೆರಳುಗಳು ಮಗನ ವಾದ್ಯದ ಮೇಲೆ ಓಡಾಡುವುದನ್ನು ನೋಡಿದರು. ಮುಗಿದ ಮೇಲೆ ಎದ್ದು ಬಂದು, ಗಂಡನ ಎದುರಿಗೇ, ಮೊದಲ ಬಾರಿಗೆ, ನನ್ನ ಕತ್ತಿನ ಮೇಲೆ ತೋರುಬೆರಳಿಟ್ಟರು. ಅಲ್ಲಿ ತಗ್ಗು ಇರಲಿಲ್ಲ. ಮುಂದಿನ ಮೆಟ್ಟಿಗೆ ಸರಿಸಿದರು. ಅಲ್ಲೂ ಇರಲಿಲ್ಲ. ನಾಲ್ಕೂ ನೋಡಿದರು, ಜಾಗ ತಪ್ಪಿತೇನೋ ಎಂದು ತಿರುಗಿ ಮೊದಲಿನಿಂದ ನೋಡಿದರು.

“ಇಲ್ಲೆ ಅವನ ಬೆರಳು ಇದ್ದವಲ್ರೀ” ಎಂದರು. “ಯಾರು ಒರಿಸಿದ್ರು?”

ಜೀವರತ್ನಪ್ಪನವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. “ನಾನ ಮಾಡ್ರಿ ಅಂದೆ” ಎಂದರು. “ಹಗುರ ಆಗ್ಲಿ ಅಂತ. ಧ್ವನಿ... ಧ್ವನಿ ಅವನು ಅಂತಿದ್ದಂಗ ಜವಾರಿ ಆಗೈತಿ, ಕೇಳಿದೆಲ್ಲ.”

“ಜವಾರಿ ಅಂದ್ರ ವಯರ್ ಹಚ್ಚಲಾರದ್ದು, ಅಷ್ಟ. ಬದನಿಕಾಯಿ ಹಂಗ ಅಂತ ಚಾಷ್ಟಿ ಮಾಡ್ತಿದ್ದ. ನನ್ನ ಒಂದ ಮಾತು ಕೇಳಬಾರದಾಗಿತ್ತ?”

ಅವರು ದನಿ ಏರಿಸಿ ಹೇಳಲಿಲ್ಲ. ಒಳಗೆ ಹೋಗಿ ಒಲೆ ಹಚ್ಚಿದರು. ಚಹಾ ಬಂತು. ಇಬ್ಬರ ಬಟ್ಟಲೂ ಹಾಗೇ ಆರಿದವು. ನಲವತ್ತು ವರ್ಷ ಒಂದಕ್ಷರ ತಪ್ಪದೆ ಜೋಡಿಸಿದ ಮನುಷ್ಯ ಮನೆಯ ಒಂದು ಮಾತನ್ನು ತಪ್ಪು ಓದಿದ್ದರು.

ಮರುದಿನ ಜೀವರತ್ನಪ್ಪನವರು ಹೋಗಿ ಲಾಡ್ಲೇಸಾಬರಿಗೆ ಎಲ್ಲವನ್ನೂ ಹೇಳಿದರು. ಲಾಡ್ಲೇಸಾಬರು ತಾವೇ ಮನೆಗೆ ಬಂದರು; ಮಾರ್ಥವ್ವನವರ ಎದುರಿಗೆ ತಲೆ ಎತ್ತಲಿಲ್ಲ. ಮೂರು ದಿನ ಕೂತು ಹಿತ್ತಾಳೆಯಲ್ಲಿ ಕುದುರೆಯ ಹೊಸ ತುಂಡುಗಳನ್ನು ಮಾಡಿ ಕೂಡಿಸಿದರು. ಝೇಂಕಾರ ಹೋಯಿತು. ನನ್ನ ಹಳೆಯ ಸಣ್ಣ ಧ್ವನಿ ತಿರುಗಿ ಬಂತು.

“ಆ ತಗ್ಗು?” ಎಂದು ಕೇಳಿದರು ಜೀವರತ್ನಪ್ಪನವರು. “ಕಾನಸಿಂದ ಹಂಗ ಮಾಡಾಕ ಬರೂದಿಲ್ಲೇನು?”

“ಮಾಡ್ತೀನ್ರಿ. ಅದು ನನ್ನ ಕಾನಸಿನ ತಗ್ಗು ಆಗತೈತಿ ಮಾಸ್ತರ.”

ಜೀವರತ್ನಪ್ಪನವರು, “ವರ್ಷದ ಪ್ರಾರ್ಥನಾದಾಗ ನಾ ನುಡಸೂದಿಲ್ಲ. ಅಯ್ನೋರಿಗೆ ಹೇಳಿ ಬರ್ತೀನಿ” ಎಂದು ಎದ್ದರು.

“ಕೂಡ್ರಿ” ಎಂದರು ಮಾರ್ಥವ್ವ. “ಅವನಿಗೂ ಬ್ಯಾಡಂದ್ರಿ, ಈಗ ನಿಮಗೂ ನೀವ ಬ್ಯಾಡಂತೀರಿ. ನುಡಸ್ರಿ. ಖರೆ ವಯರ್ ಹಚ್ಚಬ್ಯಾಡ್ರಿ.”

ವರ್ಷದ ಪ್ರಾರ್ಥನೆ ಭಾನುವಾರ ಸಂಜೆ ನಡೆಯಿತು. ಜೀವರತ್ನಪ್ಪನವರು ವೇದಿಕೆಯ ಕೆಳಗೆ ಕುರ್ಚಿ ಹಾಕಿಕೊಂಡು ನನ್ನನ್ನು ನುಡಿಸಿದರು. ನನ್ನ ಧ್ವನಿ ಮೂರನೆಯ ಬೆಂಚು ದಾಟಲಿಲ್ಲ. ಹಿಂದೆ ಕುಳಿತವರಿಗೆ ಒಬ್ಬ ಮುದುಕನ ಬೆರಳುಗಳು ಅಲುಗಾಡುವುದು ಮಾತ್ರ ಕಂಡಿತು. ಯಾರೋ ಫ್ಯಾನು ಆರಿಸಿದರು. ಮೊದಲ ಬೆಂಚಿನಲ್ಲಿ ಮಾರ್ಥವ್ವ ಕುಳಿತಿದ್ದರು. ಮೊಣಕಾಲ ಮೇಲೆ ಅವರ ಅಂಗೈ ಹಗುರವಾಗಿ ಆಡುತ್ತಿತ್ತು, ರೊಟ್ಟಿ ತಟ್ಟುವ ಹಾಗೆ.

ಆಮೇಲೆ ದಿನವೂ ಜೀವರತ್ನಪ್ಪನವರು ನನ್ನನ್ನು ಅಡಿಗೆಮನೆಯಲ್ಲಿ ಕೂತು ನುಡಿಸಿದರು. ಭಾನುವಾರಕ್ಕೊಮ್ಮೆ ಮಾರ್ಥವ್ವ ಬೆರಳಿಟ್ಟು ನೋಡುತ್ತಿದ್ದರು.

“ತಗ್ಗು ಬಿತ್ತೇನು?” ಎಂದು ಗಂಡ ಕೇಳುವರು.

“ಇನ್ನೂ ಇಲ್ಲ. ನುಡಸ್ರಿ.”

ನನಗೆ ತಿಳಿದಿತ್ತು, ಬೀಳುವುದಿಲ್ಲ. ತಂತಿಗಳು ಕೆಳಗಿಳಿದಿದ್ದವು, ಬೆರಳುಗಳು ಮೆತ್ತಗಿದ್ದವು. ಹಗುರ ಮಾಡಿಸಿಕೊಂಡ ವಾದ್ಯದ ಮೇಲೆ ಮುದುಕನ ಕೈ ಗುರುತು ಬಿಡಲಾರದು. ಮಗನ ಗುರುತು ಬಿದ್ದದ್ದೇ ನನ್ನ ದೋಷದಿಂದ; ಅವನು ನೋವುಂಡು ಒತ್ತಿದ್ದರಿಂದ. ನಾಲ್ಕು ವರ್ಷ ಮಾರ್ಥವ್ವ ಹೀಗೆ ನೋಡಿದರು. ಐದನೆಯ ವರ್ಷ ಅವರ ಬೆರಳು ಬರಲಿಲ್ಲ. ಸಮಾಧಿಯ ತೋಟದಲ್ಲಿ ಎಲೀಶನ ಪಕ್ಕದ ಜಾಗ ಅವರದಾಯಿತು.

ಜೀವರತ್ನಪ್ಪನವರು ನುಡಿಸುವುದನ್ನು ನಿಲ್ಲಿಸಿದರು. ಕೈ ನಡುಗುತ್ತಿತ್ತು, ಕೇಳುವವರೂ ಇರಲಿಲ್ಲ. ಒಂದು ದಿನ ಲಾಡ್ಲೇಸಾಬರು ನೋಡಲು ಬಂದಾಗ ಅವರು ನನ್ನ ಮೊದಲ ತಂತಿಯನ್ನು ಬಿಚ್ಚುತ್ತಿದ್ದರು.

“ಏನ್ ಮಾಡಾಕತ್ತೀರಿ ಮಾಸ್ತರ?”

“ಬಿಚ್ಚಿ ಪೆಟಿಗ್ಯಾಗ ಇಡ್ತೀನ್ರಿ. ಸುಮ್ನ ಎಳಕೊಂಡ ಕುಂತೈತಿ ಪಾಪ. ಆರಾಮ ಇರ್ಲಿ.”

“ಹಂಗ ಮಾಡಬ್ಯಾಡ್ರಿ.” ಲಾಡ್ಲೇಸಾಬರು ನನ್ನನ್ನು ತೊಡೆಯ ಮೇಲೆ ತೆಗೆದುಕೊಂಡರು. “ಇದರ ಕತ್ತಿನೊಳಗ ಒಂದು ಕಬ್ಬಿಣದ ಸರಳ ಐತಿ. ತಂತಿ ಅರ್ಧ ಚೀಲ ಜ್ವಾಳದಷ್ಟು ಭಾರ ಮುಂದಕ್ಕ ಎಳೀತಾವ, ಸರಳ ಹಿಂದಕ್ಕ ಹಿಡೀತೈತಿ. ಎಳಿಯಾವರು ಹೋದ್ರ ಸರಳ ಸುಮ್ನ ಇರೂದಿಲ್ಲ ಮಾಸ್ತರ. ತನ್ನ ಕತ್ತನ್ನ ತಾನ ಹಿಂದಕ್ಕ ಬಗ್ಗಸತೈತಿ.”

ಬಿಚ್ಚಿದ ತಂತಿ ಜೀವರತ್ನಪ್ಪನವರ ಬೆರಳಿಗೆ ಸುತ್ತಿಕೊಂಡಿತ್ತು.

“ಹಂಗಾರ ತಿರುಗ ಹಾಕ್ರಿ” ಎಂದರು.

ಈಗ ನನಗೂ ವಯಸ್ಸಾಗಿದೆ. ಮೈಯ ಬಣ್ಣ ಸಿಡಿದಿದೆ, ಬಿರಡೆಗಳಿಗೆ ತುಕ್ಕು ಹಿಡಿದಿದೆ. ನನ್ನ ದೊಡ್ಡ ಧ್ವನಿಯನ್ನು ಕೇಳಿದವರು ಈ ಮನೆಯಲ್ಲಿ ಯಾರೂ ಇಲ್ಲ. ಆರು ಎಳೆಗಳು ಎಳೆಯುತ್ತಿರುವುದರಿಂದಲೇ ನಾನು ನೆಟ್ಟಗಿದ್ದೇನೆ. ಇದನ್ನು ನೋವೆಂದು ದೇವರ ಮೇಲೆ ದೂರು ಹೇಳುತ್ತಿದ್ದ ಕಾಲವೊಂದಿತ್ತು. ಈಗ ಹೇಳುವುದಿಲ್ಲ.

ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಜೀವರತ್ನಪ್ಪನವರು ನನ್ನನ್ನು ಇಳಿಸಿಕೊಳ್ಳುತ್ತಾರೆ. ನುಡಿಸುವುದಿಲ್ಲ. ಒಂದೊಂದೇ ಬಿರಡೆ ತಿರುವಿ, ಸಡಿಲಾದ ತಂತಿಯನ್ನು ಬಿಗಿಯುತ್ತಾರೆ. ಸಣ್ಣ ತಂತಿಯ ಧ್ವನಿ ಅವರ ಕಿವಿಗೆ ಈಗ ಬೀಳುವುದಿಲ್ಲ. ಕೆನ್ನೆಯನ್ನು ನನ್ನ ಹಲಗೆಗೆ ಒತ್ತಿ ನಡುಕದಿಂದ ತಿಳಿಯುತ್ತಾರೆ. ಆರೂ ಮುಗಿದ ಮೇಲೆ ಗೋಡೆಗೆ ತೂಗುಹಾಕಿ, “ಇವತ್ತಿಗೆ ಸಾಕು” ಎಂದು ಹಾಲು ತರಲು ಹೋಗುತ್ತಾರೆ.